ಮಂಟಯ್ಯ ತಕ್ಕಡಿ ಬದಲಾಯಿಸಿಕೊಂಡು ಬಂದದ್ದು

ಕೇಳೋರೆಲ್ಲ ಹತ್ರಕ್ಕೆ ಬನ್ನಿ. ನಗು ಬಂದ್ರೆ ತಡ್ಕೋಬೇಡಿ, ಹೊಟ್ಟೆನೋವು ಬರ್ತದೆ.

ಕಾಳೇನಕೊಪ್ಪಲಲ್ಲಿ ನಿಂಗಾಜಮ್ಮ ಅಂತ ಒಬ್ಬಳು ತರಕಾರಿ ಮಾರೋಳು. ಗಂಡ ಇಲ್ಲ. ಇದ್ದೋನು ಒಬ್ಬ ಮಗ, ಮಂಟಯ್ಯ. ಆಳು ತೆಂಗಿನ ಮರದೆತ್ತರ, ಬುದ್ಧಿ ಮಾತ್ರ ಬುಡದಲ್ಲೇ ಉಳಿದಿತ್ತು. ಹೇಳಿದ್ದು ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ. ಅದೇ ಅವ್ವನ ಗೋಳು! "ಹಾಲು ಉಕ್ಕೋದನ್ನ ನೋಡ್ಕೊಳ್ಳಪ್ಪಾ" ಅಂದ್ರೆ, ಹಾಲು ಉಕ್ಕಿ ಒಲೆಯೆಲ್ಲ ಹರಿದು ಬೆಂಕಿ ಆರೋವರೆಗೂ ನೋಡ್ಕೊಂಡೇ ಕೂತಿರ್ತಿದ್ದ.

"ನನ್ ಹೊಟ್ಟೇಲಿ ಯಾಕಾದ್ರೂ ಹುಟ್ಟಿದ್ಯೋ!" ಅಂತ ಅವ್ವ ಹಣೆ ಚಚ್ಚಿಕೊಳ್ಳೋಳು.

"ನೀನೇ ಹೆತ್ತಿದ್ದಲ್ವವ್ವಾ" ಅನ್ನೋನು ಇವನು.

ಹಿಂಗಿರ್ಬೇಕಾದ್ರೆ ನಿಂಗಾಜಮ್ಮ ಹಳೇ ಕಲ್ಲು-ತಕ್ಕಡಿ ಬಿಟ್ಟು, ಪೇಟೆಯ ದಯಾನಂದನ ಅಂಗಡೀಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕೊಂಡಳು. ಕೆಂಪಗೆ ಅಂಕಿ ಮಿನುಗೋ ತಕ್ಕಡಿ. ಬಸ್ ಸ್ಟ್ಯಾಂಡಿನ ಮೂಲೇಲಿ ಅದನ್ನ ಇಟ್ಕೊಂಡು ಕೂತ್ರೆ ಮಾರಾಣಿ ಕೂತಂಗೆ ಇರೋಳು.

ವಾರ ಕಳೀಲಿಲ್ಲ. ಸ್ಕೂಲ್ ಟೀಚರ್ ವಿಶಾಲಾಕ್ಷಮ್ಮ ಟೊಮ್ಯಾಟೊ ಚೀಲ ತಂದು ಅವಳ ಮುಂದೆ ಕುಕ್ಕಿದ್ರು. "ಏನಮ್ಮಾ ನಿಂಗಾಜಮ್ಮ, ಒಂದು ಕೆಜಿ ಅಂತ ಕೊಟ್ಟೆ. ಮನೇಲಿ ತೂಗಿದ್ರೆ ಮುಕ್ಕಾಲು! ನೀನೂ ಶುರು ಹಚ್ಕೊಂಡ್ಯಾ?"

ನಿಂಗಾಜಮ್ಮ ದಡಬಡ ಎದ್ದಳು. ಪಕ್ಕದ ಅಂಗಡಿಯಿಂದ ಒಂದು ಕೆಜಿ ಉಪ್ಪಿನ ಪಾಕೀಟು ತಂದು ತಕ್ಕಡಿ ಮೇಲಿಟ್ಟಳು. ತಕ್ಕಡಿ ಏನಂತು? ಒಂದೂಕಾಲು ಕೆಜಿ!

ಟೀಚರ್ ಅಷ್ಟರಲ್ಲಿ ಹೊರಟೇ ಹೋಗಿದ್ರು. ಸುತ್ತ ನಿಂತೋರು ಮುಸಿಮುಸಿ ನಕ್ಕರು. "ತೂಕದ ಕಳ್ಳಿ" ಅಂತ ಯಾರೋ ಅಂದ್ರು. ಇಷ್ಟು ವರ್ಷ ಒಂದು ಮೆಣಸಿನಕಾಯಿ ಹೆಚ್ಗೇ ಹಾಕಿ ಕೊಟ್ಟೋಳಿಗೆ ಈ ಮಾತು! ಬುಟ್ಟಿ ಎತ್ಕೊಂಡು ಮನೆಗೆ ಬಂದು ಗೋಡೆ ಕಡೆ ಮುಖ ಮಾಡ್ಕೊಂಡು ಅತ್ತಳು.

ಆಮೇಲೆ ಕಣ್ಣೊರೆಸ್ಕೊಂಡು ಮಗನ್ನ ಕರೆದಳು. "ಲೋ ಮಂಟಯ್ಯ, ನಾನು ಈ ಮುಖ ಹೊತ್ಕೊಂಡು ಆಚೆ ಹೋಗಲಾರೆ. ನೀನೇ ದಯಾನಂದನ ಅಂಗಡಿಗೆ ಹೋಗು. ಬಿಲ್ಲು ತಗೊಂಡ್ಹೋಗು. ಬಿಲ್ಲು ತೋರ್ಸಿದ್ರೆ ಅವನು ಮಾತಾಡದೆ ಬದಲಾಯಿಸ್ತಾನೆ."

"ಹೂಂ ಕಣವ್ವ, ನೀನಂದಂಗೇ ಮಾಡ್ತೀನಿ."

ಹೋದ. ಎಲ್ಲಿಗೆ? ನಾಟಕದ ಮೇಷ್ಟ್ರ ಮನೆಗೆ! ಅರ್ಜುನನ ಪಾತ್ರದ್ದು ಚಿನ್ನದ ಕಾಗದ ಮೆತ್ತಿದ ಬಿಲ್ಲು ಇತ್ತಲ್ಲ, ಅದನ್ನ ಕೇಳಿ ಇಸ್ಕೊಂಡ. ಕೇಳದಿದ್ರೂ ಮೇಷ್ಟ್ರು ಒಂದು ಬಾಣಾನೂ ಕೊಟ್ಟರು. ದಯಾನಂದನ ಅಂಗಡಿ ಬಾಗಿಲಲ್ಲಿ ನಿಂತು ಬಿಲ್ಲು ಎತ್ತಿ ತೋರ್ಸಿದ.

"ಅಯ್ಯಯ್ಯೋ! ಏನೋ ಇದು?" ದಯಾನಂದ ಮೇಜಿನಡಿ ತೂರಿದ.

"ಬಿಲ್ಲು! ತೋರ್ಸಿದ್ದೀನಿ. ಬದಲಾಯ್ಸಿ!"

"ಏನನ್ನ ಬದಲಾಯಿಸ್ಲೋ, ಬಾಣಾನಾ?"

ಆಳುಗಳು ಬಂದು ಬೀದಿಗೆ ನೂಕಿದ್ರು. ಮನೆಗೆ ಬಂದ. ಅವ್ವ ಹಣೆ ಚಚ್ಚಿಕೊಂಡಳು. "ಲೋ ಮಂಕೆ! ಬಿಲ್ಲು ಅಂದ್ರೆ ರಸೀದಿ ಕಣೋ, ರಸೀದಿ! ಇಗೋ ಈ ಕಾಗದ. ಬೇರೆ ಏನೂ ಹೊತ್ಕೊಂಡು ಹೋಗ್ಬೇಡ. ಇದೊಂದನ್ನ ತೋರ್ಸು."

"ಹೂಂ ಕಣವ್ವ, ನೀನಂದಂಗೇ ಮಾಡ್ತೀನಿ."

ಹೋದ. ಕಾಗದ ತೋರ್ಸಿದ. ದಯಾನಂದ ಅಂಗಡಿಯೆಲ್ಲ ನೋಡಿ, ಇವನ ಬೆನ್ನ ಹಿಂದೆ ನೋಡಿ, ಕೇಳಿದ. "ತಕ್ಕಡಿ ಎಲ್ಲಿ?"

"ಮನೇಲಿ. ಬೇರೆ ಏನೂ ಹೊತ್ಕೊಂಡು ಹೋಗ್ಬೇಡ ಅಂದವ್ಳೆ ಅವ್ವ."

"ಹಾಗಾದ್ರೆ ಕಾಗದಾನೇ ಬದಲಾಯಿಸಿ ಕೊಡ್ಲಾ? ಹೋಗಯ್ಯ!"

ಬಂದ. ಅವ್ವ ಮತ್ತೆ ಹಣೆ ಚಚ್ಚಿಕೊಂಡಳು. "ತಕ್ಕಡಿ ಇಲ್ಲದೆ ಏನನ್ನೋ ಬದಲಾಯಿಸ್ತಾನೆ? ತಗೊಂಡ್ಹೋಗು! ಆದ್ರೆ ನೋಡು, ಒಂದು ಗೀರು ಬಿದ್ರೂ 'ನೀನೇ ಕೆಡಿಸ್ದೆ' ಅಂತಾನೆ. ಕೂಸನ್ನ ಎತ್ಕೊಂಡು ಹೋದಂಗೆ ಹೋಗು."

"ಹೂಂ ಕಣವ್ವ, ನೀನಂದಂಗೇ ಮಾಡ್ತೀನಿ."

ತಕ್ಕಡಿಗೆ ಅವ್ವನ ಹಳೇ ಸೀರೆ ಸುತ್ತಿದ. ಕುಲಾವಿ ತೊಡಿಸ್ದ. ದೃಷ್ಟಿಬೊಟ್ಟು ಇಟ್ಟ. ಬಸ್ಸಲ್ಲಿ ಹೆಂಗಸರು ಎದ್ದು ಜಾಗ ಕೊಟ್ಟರು. "ಪಾಪ, ತಾಯಿ ಇಲ್ವೇನೋ" ಅಂತ ಒಬ್ಬ ಮುದುಕಿ ಸೆರಗು ಸರಿಸಿ ನೋಡಿ, "ಅಯ್ ಶಿವನೇ!" ಅಂತ ಮುಂದಿನ ಸ್ಟಾಪಲ್ಲೇ ಇಳಿದುಬಿಟ್ಟಳು.

ದಯಾನಂದ ಅಂದ, "ಎಲ್ಲಿ, ಆನ್ ಮಾಡಿ ತೋರ್ಸು."

"ಶ್! ಮೆತ್ತಗೆ! ಈಗಷ್ಟೇ ಮಲಗೈತೆ."

ದಯಾನಂದನಿಗೆ ನಗು ತಡೀಲಿಲ್ಲ. ನಕ್ಕು ನಕ್ಕು ಸಾಕಾದ ಮೇಲೆ ಗೋಡೆಯ ಬೋರ್ಡು ತೋರ್ಸಿದ. "ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ಓದಿದ್ಯಾ? ನಿನ್ನ ಕೂಸನ್ನ ಮನೆಗೆ ಕರ್ಕೊಂಡು ಹೋಗು."

ಈ ಸಲ ಅವ್ವ ಹಣೆ ಚಚ್ಚಿಕೊಳ್ಳಲಿಲ್ಲ. ಬೈಯಲಿಲ್ಲ. ಅವ್ವ ಬೈಯದೆ ಇದ್ದದ್ದು ಕಂಡು ಮಂಟಯ್ಯನಿಗೆ ಭಯ ಆಯ್ತು. ಓಡಿಹೋಗಿ ಟೀಚರಮ್ಮನ್ನ ಕರ್ಕೊಂಡು ಬಂದ. "ಮೇಡಮ್ಮೋರೇ, ನಮ್ಮವ್ವ ಕದ್ದಿಲ್ಲ. ಈ ತಕ್ಕಡಿ ಸುಳ್ಳು ಹೇಳ್ತದೆ. ಬೇಕಾದ್ರೆ ನೀವೇ ಕೇಳಿ."

ವಿಶಾಲಾಕ್ಷಮ್ಮ ಉಪ್ಪಿನ ಪಾಕೀಟು ಇಟ್ಟು ನೋಡಿದ್ರು. ಅಂಕಿ ಕಂಡು ಮುಖ ಚಿಕ್ಕದಾಯ್ತು. "ನಿಂಗಾಜಮ್ಮ, ನಾನು ದುಡುಕಿಬಿಟ್ಟೆ ಕಣಮ್ಮ. ಮನಸ್ಸಿಗೆ ಹಚ್ಕೋಬೇಡ. ನೋಡು, ಕೆಟ್ಟ ಮಾಲು ಕೊಟ್ಟೋನು ಸರಿ ಮಾಡಿಕೊಡಬೇಕು, ಬದಲಾಯಿಸಬೇಕು, ಇಲ್ಲ ದುಡ್ಡು ವಾಪಸ್ ಕೊಡಬೇಕು. ಅದು ನಿನ್ನ ಹಕ್ಕು. ಬೋರ್ಡು ನೇತುಹಾಕಿಬಿಟ್ರೆ ಆಯ್ತಾ? ಒಪ್ಪದಿದ್ರೆ ಗ್ರಾಹಕರ ವೇದಿಕೆಗೆ ಹೋಗಿ ದೂರು ಹೇಳೋಣ. ನಾನೂ ಬರ್ತೀನಿ, ಸೀರೆ ಬದಲಾಯಿಸ್ಕೊ."

ನಿಂಗಾಜಮ್ಮ ಸೀರೆ ಉಟ್ಟು ಆಚೆ ಬರೋಷ್ಟರಲ್ಲಿ ಮಂಟಯ್ಯನೂ ಇಲ್ಲ, ತಕ್ಕಡೀನೂ ಇಲ್ಲ!

ಅವನಾಗಲೇ ಪೇಟೇಲಿ ಟೀ ಅಂಗಡಿಯೋನ್ನ ಕೇಳ್ತಿದ್ದ, "ಅಣ್ಣಾ, ವೇದಿಕೆ ಎಲ್ಲೈತೆ?"

"ವೇದಿಕೆನಾ? ಛತ್ರದಲ್ಲಿ ಭಾರಿ ವೇದಿಕೆ ಹಾಕವ್ರೆ, ಹೋಗು."

ಛತ್ರದಲ್ಲಿ ವರ್ತಕರ ಸಂಘದ ವಾರ್ಷಿಕೋತ್ಸವ! ವೇದಿಕೆ ಮೇಲೆ ಅಧ್ಯಕ್ಷರು ಭಾಷಣ ಮಾಡ್ತಿದ್ರು. ಪಕ್ಕದಲ್ಲಿ ಪೇಟ, ಶಾಲು, ಏಲಕ್ಕಿ ಹಾರ ಹಾಕ್ಕೊಂಡು ಕೂತಿದ್ದೋನು ಯಾರು? ದಯಾನಂದ! ಆವತ್ತು ಅವನಿಗೇ ಸನ್ಮಾನ.

ಮಂಟಯ್ಯ ಸೀದಾ ಮೇಲೆ ಹತ್ತಿ ಮೈಕು ಹಿಡ್ಕೊಂಡ.

"ಇದು ವೇದಿಕೆ ತಾನೆ? ನಾನು ಗ್ರಾಹಕ. ದೂರು ಹೇಳೋಕೆ ಬಂದಿದ್ದೀನಿ. ನಮ್ಮವ್ವ ಕಳ್ಳಿ ಅಲ್ಲ. ಈ ತಕ್ಕಡಿ ಕಳ್ಳ. ಕೊಟ್ಟೋರು ಇವ್ರು. ಬದಲಾಯ್ಸಿ ಅಂದ್ರೆ ಕೂಸನ್ನ ಕರ್ಕೊಂಡು ಹೋಗು ಅಂತಾರೆ!"

ಛತ್ರವೆಲ್ಲ ಗೊಳ್ಳಂತು. ಅಷ್ಟರಲ್ಲಿ ನಿಂಗಾಜಮ್ಮ, ಟೀಚರಮ್ಮ ಟೀ ಅಂಗಡಿಯೋನ್ನ ವಿಚಾರಿಸ್ಕೊಂಡು ಏದುಸಿರು ಬಿಡ್ತಾ ಬಾಗಿಲಿಗೆ ಬಂದ್ರು. ಮಗನ್ನ ಅಲ್ಲಿ ಕಂಡು ಅವ್ವ ಸೆರಗಲ್ಲಿ ಮುಖ ಮುಚ್ಕೊಂಡಳು. "ಅಯ್ಯೋ, ಮಾನ ಹೋಯ್ತು!"

ಹೋಗಲಿಲ್ಲ. ಅಧ್ಯಕ್ಷರು ಕೈ ಎತ್ತಿ ನಗು ನಿಲ್ಲಿಸಿದ್ರು. ಅಡುಗೆಮನೆಯಿಂದ ಒಂದು ಕೆಜಿ ಸಕ್ಕರೆ ಪಾಕೀಟು ತರಿಸಿ ತಕ್ಕಡಿ ಮೇಲಿಟ್ಟರು. ಒಂದೂಕಾಲು! ಇನ್ನೊಂದು ಪಾಕೀಟು. ಅದೂ ಒಂದೂಕಾಲು!

"ಏನ್ರೀ ದಯಾನಂದ?"

"ಅದು... ಅಂಗಡೀಲಿ ಬೋರ್ಡು ಹಾಕಿದ್ದೀನಿ..."

"ಬೋರ್ಡು ನೀವು ಬರೆಸಿದ್ದು ಕಣ್ರೀ, ಕಾನೂನು ಬರೆದಿದ್ದಲ್ಲ. ಆಯಮ್ಮನ ಹೆಸರು ಕೆಡ್ತಾ ಇದೆ. ಮೊದಲು ಬದಲಾಯಿಸಿ, ಆಮೇಲೆ ಹಾರ ಹಾಕ್ಕೊಳ್ಳಿ."

ದಯಾನಂದ ಪೇಟ ತೆಗೆದಿಟ್ಟು ತಾನೇ ಎದ್ದು ಹೋದ. ಹೊಸ ತಕ್ಕಡಿ ತಂದ. ಸಕ್ಕರೆ ಇಟ್ಟರೆ ಒಂದು ಕೆಜಿ, ಸರಿಯಾಗಿ ಒಂದು! ನಿಂಗಾಜಮ್ಮನ ಹತ್ರ ಬಂದು, "ತಪ್ಪಾಯ್ತಮ್ಮ" ಅಂದ. ಜನ ಚಪ್ಪಾಳೆ ತಟ್ಟಿದ್ರು.

ನಿಂಗಾಜಮ್ಮ ಅಳ್ತಾ ನಕ್ಕಳು, ನಗ್ತಾ ಅತ್ತಳು. ಮಾರನೇ ದಿನ ಬಸ್ ಸ್ಟ್ಯಾಂಡಲ್ಲಿ ಕೂತಾಗ ಮೊದಲ ಬೋಣಿ ಟೀಚರಮ್ಮನದೇ. ಎಲ್ಲರಿಗೂ ಕೇಳೋ ಹಂಗೆ, "ನಿಂಗಾಜಮ್ಮನ ತೂಕ ಅಂದ್ರೆ ತೂಕ!" ಅಂದು ಹೋದ್ರು.

ಅವ್ವ ಮಗನ ತಲೆ ಸವರಿ ಬುದ್ಧಿ ಹೇಳಿದಳು. "ನೋಡಪ್ಪಾ, ನಾವು ನೋಡದೆ ಕೊಂಡಿದ್ದಕ್ಕೆ ಇಷ್ಟೆಲ್ಲ ಆಯ್ತು. ಇನ್ಮೇಲೆ ಏನೇ ಕೊಂಡ್ರೂ ಅಂಗಡೀಲೇ ಪರೀಕ್ಷೆ ಮಾಡಿ ತಗೋಬೇಕು. ಈಗ ಹೋಗಿ ತಕ್ಕಡಿ ಪೆಟ್ಟಿಗೆಗೆ ಒಂದು ಗಟ್ಟಿ ಬೀಗ ತಗೊಂಬಾ."

"ಹೂಂ ಕಣವ್ವ, ನೀನಂದಂಗೇ ಮಾಡ್ತೀನಿ."

ಹೋದ. ಕುಣೀತಾ ಬಂದ. ಅವ್ವನ ಕೈಗೆ ಒಂದು ಬೀಗದ ಕೈ ಇಟ್ಟ.

"ಬೀಗ ಎಲ್ಲೋ?"

"ಅಂಗಡಿ ಬಾಗಿಲಲ್ಲೈತೆ! ಪರೀಕ್ಷೆ ಮಾಡ್ದೆ ಕಣವ್ವ. ಏನು ಬೀಗ, ಏನು ಬೀಗ! ಅಂಗಡಿಯೋನು, ಅವನ ಹೆಂಡ್ತಿ, ಇಬ್ಬರೂ ಒಳಗಿಂದ ಒದ್ದರೂ ಅಲ್ಲಾಡ್ಲಿಲ್ಲ!"