ನಲವತ್ತು ಪುಟದ ಉತ್ತರ

“ಸುಳ್ಳು ಬರೆದವನಿಗೆ ಉತ್ತರ ಬರೆಯದೆ ಬಿಟ್ಟರೆ ಅದು ಹೇಡಿತನವಲ್ಲವೇ, ಗುರುಗಳೇ?”

ಕೇಳಿದವನು ರಾಚಯ್ಯ, ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ಅವನ ಕೈಯಲ್ಲಿ ಹದಿನಾರು ಹಾಳೆಗಳಿದ್ದವು. ಸಿಟ್ಟಿನಲ್ಲೇ ಅವನ್ನು ಗುರುಗಳ ಮುಂದೆ ಚಾಚಿದ. ನಾಲ್ಕು ದಿನದ ಹಿಂದೆ ಊರಿನಲ್ಲಿ ಯಾರೋ ಹೆಸರು ಹಾಕದೆ ಒಂದು ಕರಪತ್ರ ಹಂಚಿದ್ದರು. ಮಠದಲ್ಲಿ ಅಡುಗೆ ಮಾಡುವ ಸಾತವ್ವ ಗಂಡನನ್ನು ಬಿಟ್ಟು ಬಂದವಳು, ಅವಳ ನಡತೆ ಸರಿಯಿಲ್ಲ, ಅವಳ ಕೈಯಡುಗೆ ಉಂಡು ಮಠವೇ ಕೆಟ್ಟಿದೆ ಎಂದು ಅದರಲ್ಲಿತ್ತು. ರಾಚಯ್ಯ ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಉತ್ತರ ಬರೆದಿದ್ದ. ಅಚ್ಚು ಹಾಕಿಸಲು ಗುರುಗಳ ಅಪ್ಪಣೆಯೊಂದು ಬಾಕಿ ಇತ್ತು.

ಗುರುಗಳು ಹಾಳೆಗಳನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಓದುತ್ತ ಓದುತ್ತ ಅವರ ಮುಖವೂ ಕೆಂಪಾಯಿತು. ಬರಹ ನಾಟಿತು ಎಂದು ರಾಚಯ್ಯನಿಗೆ ಸಮಾಧಾನವಾಯಿತು. ಆದರೆ ಅವರು ಅಪ್ಪಣೆ ಕೊಡಲಿಲ್ಲ. ಒಂದು ಕತೆ ಹೇಳಿದರು.

ಇಂಗ್ಲೆಂಡ್ ದೇಶದಲ್ಲಿ, ಈಗ್ಗೆ ಸುಮಾರು ನಾನೂರು ವರ್ಷದ ಹಿಂದೆ, ಅರಸನಿಗೂ ಪ್ರಜೆಗಳ ಸಭೆಗೂ ಜಗಳ ಹತ್ತಿತ್ತು. ದೇವರನ್ನು ಹೇಗೆ ಪ್ರಾರ್ಥಿಸಬೇಕು ಎಂಬುದೂ ಆ ಜಗಳದೊಳಗೇ ಸೇರಿಕೊಂಡಿತ್ತು. ಅರಸ ಒಪ್ಪಿದ ಚರ್ಚಿನಲ್ಲಿ, ಅರಸ ಒಪ್ಪಿದ ಪುಸ್ತಕ ಹಿಡಿದೇ ಪ್ರಾರ್ಥಿಸಬೇಕು ಎನ್ನುವವರು ಒಂದು ಕಡೆ. ನಮ್ಮ ಮನೆಯಲ್ಲಿ ಕೂತು ನಮಗೆ ತೋಚಿದ ಮಾತಿನಲ್ಲಿ ಪ್ರಾರ್ಥಿಸುತ್ತೇವೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಕೈಗೂ ಅಚ್ಚುಮೊಳೆ ಸಿಕ್ಕಿಬಿಟ್ಟಿತ್ತು. ಒಬ್ಬ ಬೈದು ಅಚ್ಚು ಹಾಕಿಸಿದರೆ ವಾರದೊಳಗೆ ಇನ್ನೊಬ್ಬನ ಬೈಗುಳ ಬೀದಿಗೆ ಬರುತ್ತಿತ್ತು. ಎಂಟು ಪುಟ, ಹದಿನಾರು ಪುಟ, ದಾರದಲ್ಲಿ ಹೊಲಿದ ಕರಪತ್ರಗಳು. ಎಲ್ಲವೂ ದೇವರ ಹೆಸರಿನಲ್ಲೇ. ದೇವರು ಅವನ್ನು ಓದಿದನೋ ಇಲ್ಲವೋ, ಯಾರೂ ವಿಚಾರಿಸಲಿಲ್ಲ.

ಆ ದೇಶದ ಒಂದು ಸಂತೆಯೂರಿನಲ್ಲಿ ಒಬ್ಬ ಮಾಸ್ತರ ಇದ್ದ. ಊರಿನ ಅರ್ಧ ಮಂದಿ ಅವನ ಕೈಯಲ್ಲಿ ಏಟು ತಿಂದು ಅಕ್ಷರ ಕಲಿತವರು. ಅವನು ಬೀದಿಗೆ ಬಂದರೆ ದೊಡ್ಡ ದೊಡ್ಡವರೂ ಟೋಪಿ ತೆಗೆಯುತ್ತಿದ್ದರು. ಅವನ ಅಕ್ಕ ಸಿಸಿಲಿ ಗಂಡ ಸತ್ತವಳು. ಎರಡು ಬೀದಿ ಆಚೆ ಒಬ್ಬಳೇ ಇದ್ದು, ಚರ್ಮದ ಕೈಗವಸು ಹೊಲಿದು ಸಂತೆಯಲ್ಲಿ ಮಾರುತ್ತಿದ್ದಳು. ಭಾನುವಾರ ಹತ್ತು ಹನ್ನೆರಡು ಜನ ಅವಳ ಮನೆಯಲ್ಲಿ ಸೇರಿ ಬೈಬಲ್ ಓದುತ್ತಿದ್ದರು. ಊರ ಚರ್ಚಿನ ಪಾದ್ರಿಗೆ ಅದನ್ನು ಕಂಡರೆ ಹೊಟ್ಟೆಯುರಿ.

ಒಂದು ದಿನ ಹೆಸರಿಲ್ಲದ ಕರಪತ್ರವೊಂದು ಹೊರಬಿತ್ತು. ಸಿಸಿಲಿಯ ಮನೆಯಲ್ಲಿ ಪ್ರಾರ್ಥನೆಯ ಹೆಸರಿನಲ್ಲಿ ಹಾದರ ನಡೆಯುತ್ತದೆ, ಅದರಿಂದ ಹುಟ್ಟಿದ ಕೂಸನ್ನು ಅವಳು ಕೊಂದು ನೆಲದಡಿ ಹೂತಿದ್ದಾಳೆ ಎಂದು ಬರೆದಿತ್ತು. ಹೆಸರಿಲ್ಲದಿದ್ದರೇನು, ಬರೆದವನು ಪಾದ್ರಿಯೇ ಎಂದು ಮಾಸ್ತರನಿಗೆ ಮೊದಲ ಪುಟದಲ್ಲೇ ಗೊತ್ತಾಯಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಪಾದ್ರಿ ಆಗ ಮಾಡುತ್ತಿದ್ದ ಲ್ಯಾಟಿನ್ ತಪ್ಪುಗಳನ್ನೇ ಈಗಲೂ ಮಾಡಿದ್ದ.

ಆ ಕರಪತ್ರ ಕೆಟ್ಟ ಕಾಗದದಲ್ಲಿ, ಕೆಟ್ಟ ಮಸಿಯಲ್ಲಿ ಅಚ್ಚಾಗಿತ್ತು. ಕೊಂಡವರು ಕಡಿಮೆ. ಮಾರದೆ ಉಳಿದ ಪ್ರತಿಗಳನ್ನು ಸಂತೆಯಲ್ಲಿ ಬೆಣ್ಣೆ ಮಾರುವವಳು ಬೆಣ್ಣೆ ಕಟ್ಟಿಕೊಡಲು ಇಟ್ಟುಕೊಂಡಳು. ಆದರೂ ಓದಿದ ನಾಲ್ಕು ಜನ ನಾಲ್ಕು ಮಾತಾಡಿದರು. ಯಾರೋ ಒಬ್ಬಳು ಸಂತೆಯಲ್ಲಿ ಸಿಸಿಲಿ ಕೂರುವ ಜಾಗದಲ್ಲಿ ಉಗುಳಿ ಹೋದಳು.

ಸಿಸಿಲಿ ತಮ್ಮನ ಮನೆಗೆ ಬಂದಳು. ಅವನು ಮೇಜಿನ ಮುಂದೆ ಕೂತು ಬರೆಯುತ್ತಿದ್ದ. ಬೆರಳಿಗೆಲ್ಲ ಮಸಿ ಹತ್ತಿತ್ತು.

“ತಮ್ಮಾ, ಶನಿವಾರ ಸಂತೆಗೆ ನನ್ನ ಜೊತೆ ಬರ್ತೀಯಾ?” ಎಂದಳು. “ನೀನು ಏನೂ ಮಾತಾಡೋದು ಬೇಡ. ಪಕ್ಕದಲ್ಲಿ ಇದ್ದರೆ ಸಾಕು. ಒಂದು ಸುತ್ತು ಹಾಕಿ ಬಂದುಬಿಡೋಣ.”

“ನಿನಗೋಸ್ಕರವೇ ಬರೀತಾ ಇದ್ದೀನಿ ಅಕ್ಕಾ. ಇದೊಂದು ಮುಗಿಯಲಿ. ಆ ಪಾದ್ರಿ ಇನ್ನು ಜನ್ಮದಲ್ಲಿ ತಲೆ ಎತ್ತಬಾರದು, ಹಾಗೆ ಬರೀತೀನಿ,” ಎಂದ ಮಾಸ್ತರ.

ಅವಳು ಹೋದಳು. ಮುಂದಿನ ವಾರ ಮತ್ತೆ ಬಂದಳು. ಆ ಸಲ ಅವನು ತಲೆಯನ್ನೂ ಎತ್ತಲಿಲ್ಲ. ಆಮೇಲೆ ಬಾ ಎಂದು ಎಡಗೈಯಲ್ಲಿ ಸನ್ನೆ ಮಾಡಿದ.

ಏನು ಬರೆದ, ಕೇಳು. ಆ ಕಾಲದಲ್ಲಿ ಅಲ್ಲಿಯ ಪದ್ಧತಿ ಹೀಗಿತ್ತು. ಖಂಡಿಸುವವನು ಎದುರಾಳಿಯ ಬರಹವನ್ನು ಪೂರ್ತಿಯಾಗಿ ಇಳಿಸಬೇಕು. ಎದುರಾಳಿಯದು ಒಂದು ಪ್ಯಾರಾ, ಅದರ ಕೆಳಗೆ ತನ್ನ ಖಂಡನೆ. ಮತ್ತೆ ಅವನದು, ಮತ್ತೆ ತನ್ನದು. ನಮ್ಮ ಮಾಸ್ತರ ಬಲು ನಿಯತ್ತಿನ ಮನುಷ್ಯ. ಕೂಸಿನ ಮಾತು, ನೆಲದಡಿಯ ಮಾತು, ಒಂದನ್ನೂ ಬಿಡದೆ ಇಳಿಸಿದ. ಕೆಟ್ಟ ಮಸಿ ಹರಡಿ ಓದಲಾಗದ ಕಡೆ ಪಾದ್ರಿ ಏನು ಬರೆದಿರಬಹುದು ಎಂದು ಊಹಿಸಿ ತಾನೇ ತುಂಬಿದ.

ಅದರ ಕೆಳಗೆ ಅವನ ಮಾತು ಶುರುವಾಯಿತು. ಪಾದ್ರಿಯ ಲ್ಯಾಟಿನ್ ಬಗ್ಗೆ ಆರು ಪುಟ. ಪಾದ್ರಿಯ ಕುಡಿತದ ಬಗ್ಗೆ ನಾಲ್ಕು. ಅರಸನ ಕಡೆಯ ಬಿಷಪ್ಪರ ಬಗ್ಗೆ ಹನ್ನೆರಡು. ಶಾಲೆಯ ಬೆಂಚಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದದ್ದೆಲ್ಲ ಹೊರಗೆ ಬಂತು. ಬರೆದು ಬರೆದು ಅವನಿಗೆ ಖುಷಿಯಾಯಿತು. ಒಂದು ಏಟು ಸರಿಯಾಗಿ ಬಿದ್ದರೆ ಅದನ್ನು ಗಟ್ಟಿಯಾಗಿ ಓದಿಕೊಂಡು ತಲೆದೂಗುತ್ತಿದ್ದ. ಅಕ್ಕನ ಮೇಲೆ ಕೊಲೆಯ ಮಾತು ಬಂದಿದೆ, ಇವನು ತಲೆದೂಗುತ್ತಾನೆ! ಈ ಕತೆಯಲ್ಲಿ ಪಾದ್ರಿಯ ಮೇಲೆ ನನಗೆ ಬರುವ ಸಿಟ್ಟಿಗಿಂತ ಇವನ ಮೇಲೆ ಬರುವ ಸಿಟ್ಟು ಹೆಚ್ಚು.

ಬರಹ ನಲವತ್ತು ಪುಟವಾಯಿತು. ಅಚ್ಚುಮನೆಗೆ ಕೊಟ್ಟ. ಅಚ್ಚಿನವನು ಮುಖಪುಟ ಜೋಡಿಸಿ ತೋರಿಸಿದ. ‘ಕೈಗವಸಿನ ಸಿಸಿಲಿ ಕೂಸನ್ನು ಕೊಂದು ಹೂತ ಕತೆ’ ಎಂದು ಮೇಲೆ ದಪ್ಪಕ್ಷರ. ‘ಎಂಬ ಸುಳ್ಳಿಗೆ ಉತ್ತರ’ ಎಂದು ಕೆಳಗೆ ಸಣ್ಣಕ್ಷರ.

“ಇದೇನಯ್ಯಾ, ನನ್ನ ಮಾತು ಇರುವೆ ಸಾಲಿನ ಹಾಗೆ ಕಾಣ್ತದೆ?” ಎಂದ ಮಾಸ್ತರ.

“ನಿಮ್ಮ ಮಾತು ಒಳಗೆ ಬೇಕಾದಷ್ಟು ಇದೆಯಲ್ಲ, ಮಾಸ್ತರೇ. ಕೈಗೆತ್ತಿಕೊಳ್ಳೋ ಹಾಗೆ ಮಾಡೋದು ಈ ದಪ್ಪಕ್ಷರ. ಜನ ಓದಬೇಕೋ ಬೇಡವೋ, ನೀವೇ ಹೇಳಿ.”

ಜನ ಓದಬೇಕಿತ್ತು. ಮಾಸ್ತರ ಒಪ್ಪಿಕೊಂಡ. ಮುಖಪುಟವನ್ನು ಬಿಡಿಯಾಗಿ ಅಚ್ಚು ಹಾಕಿ ಸಂತೆಯ ಕಂಬಗಳಿಗೆ ಅಂಟಿಸುವುದು ಅಲ್ಲಿಯ ರೂಢಿ. ಅದನ್ನೂ ಅಂಟಿಸಿದರು. ಈ ಸಲ ಕಾಗದ ಒಳ್ಳೆಯದು, ಮಸಿ ಕಪ್ಪಗೆ ಎದ್ದು ಕಾಣುವಂಥದು. ತಿರುಗಾಡಿ ಮಾರುವವರು ಅದನ್ನು ಬೆನ್ನ ಮೇಲೆ ಹೊತ್ತುಕೊಂಡು ಸುತ್ತಲಿನ ಹಳ್ಳಿಗಳಿಗೂ ಹೋದರು. ಪಾದ್ರಿಯ ಕರಪತ್ರ ಮುಟ್ಟದ ಊರಿಗೂ ಮಾಸ್ತರನ ಉತ್ತರ ಮುಟ್ಟಿತು.

ಶನಿವಾರ ಸಂತೆ ಸೇರಿತು. ಅಕ್ಷರ ಕೂಡಿಸಿ ಓದಬಲ್ಲವನೊಬ್ಬ ಕಂಬದ ಮುಂದೆ ನಿಂತು ದಪ್ಪದ್ದನ್ನು ಕೂಗಿ ಓದಿದ. ಸಣ್ಣದರ ತಂಟೆಗೆ ಹೋಗಲಿಲ್ಲ. ಸಿಸಿಲಿ ಕೈಗವಸಿನ ಬುಟ್ಟಿಯನ್ನು ಮುಂದಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಕೇಳಿದ ಜನ ಮೊದಲು ಬುಟ್ಟಿಯನ್ನು ಒದ್ದರು. ಆಮೇಲೆ ಅವಳನ್ನು ಅವಳ ಮನೆಗೆ ಎಳೆದುಕೊಂಡು ಹೋಗಿ ನೆಲಕ್ಕೆ ಹಾಸಿದ್ದ ಹಲಗೆಗಳನ್ನು ಕಿತ್ತರು. ಹಳೆಯ ಮನೆ. ಕೆಳಗಿನ ಮಣ್ಣಿನಲ್ಲಿ ಯಾವ ಕಾಲದ್ದೋ ಕುರಿಮರಿಯ ಎಲುಬು ಸಿಕ್ಕಿತು. ಅವರಿಗೆ ಅಷ್ಟು ಸಾಕಾಯಿತು.

ಸುದ್ದಿ ಕೇಳಿ ಮಾಸ್ತರ ಓಡಿ ಬಂದ. ಹಾರೆ ಹಿಡಿದು ಮುಂದೆ ನಿಂತಿದ್ದವನು ಒಬ್ಬ ಬಡಗಿ, ಅವನ ಹಳೆಯ ವಿದ್ಯಾರ್ಥಿಯೇ. ಮಾಸ್ತರನ ಕರಪತ್ರವನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡಿದ್ದ.

“ಅದು ಸುಳ್ಳು ಅಂತಲೇ ಬರೆದಿದ್ದೀನಲ್ಲೋ! ಕೆಳಗೆ ಓದೋ, ಕೆಳಗೆ ಓದು!” ಎಂದು ಮಾಸ್ತರ ಕಿರುಚಿದ.

ಬಡಗಿ ಎಂದಿನ ಹಾಗೆ ಟೋಪಿ ತೆಗೆದ.

“ಮೊದಲು ನಾವು ಯಾರೂ ನಂಬಿರಲಿಲ್ಲ, ಮಾಸ್ತರೇ. ಸ್ವಂತ ತಮ್ಮ ನೀವೇ ನಲವತ್ತು ಪುಟ ಬರೆದಿರಿ. ಏನೂ ಇಲ್ಲದೆ ಇದ್ದರೆ ಅಷ್ಟು ಬರೀತಿದ್ದಿರಾ?” ಎಂದ.

ಕಾವಲಿನವರು ಬಂದು ಸಿಸಿಲಿಯನ್ನು ಜೈಲಿಗೆ ಹಾಕಿದರು. ಅಲ್ಲಿಯ ಜೈಲು ಎಂದರೆ ಒದ್ದೆ ಹುಲ್ಲು, ಹೇನು, ಜ್ವರ. ಐದನೆಯ ದಿನ ಮಾಸ್ತರನಿಗೆ ಅವಳನ್ನು ನೋಡಲು ಬಿಟ್ಟರು. ಆ ನಲವತ್ತು ಪುಟಗಳು ಅವಳ ಪಕ್ಕದಲ್ಲೇ ಬಿದ್ದಿದ್ದವು. ಯಾರು ತಂದು ಕೊಟ್ಟಿದ್ದರೋ, ಓದಿ ಮುಗಿಸಿದ್ದಳು.

“ಚೆನ್ನಾಗಿ ಬರೆದಿದ್ದೀಯ,” ಎಂದಳು. “ಒಳಗೆ ನನ್ನ ಹೆಸರು ಹನ್ನೊಂದು ಸಲ ಬಂದಿದೆ. ಹನ್ನೊಂದೂ ಆ ಪಾದ್ರಿಯ ಸಾಲಿನಲ್ಲೇ.”

ಮಾಸ್ತರ ಏನೋ ಹೇಳಲು ಬಾಯಿ ತೆರೆದ.

“ನಾನು ಕೇಳಿದ್ದು ಸಂತೆಗೆ ಜೊತೆ ಬಾ ಅಂತ,” ಎಂದು ಅವಳು ಗೋಡೆಯ ಕಡೆ ಹೊರಳಿದಳು.

ವಿಚಾರಣೆಯ ದಿನ ಬರುವ ಮೊದಲೇ ಜ್ವರ ಏರಿ ಸತ್ತಳು. ಅವಳನ್ನು ಮಣ್ಣು ಮಾಡಿದ ತಿಂಗಳಿಗೆ ಪಾದ್ರಿಯ ಇನ್ನೊಂದು ಕರಪತ್ರ ಬಂತು. ಉತ್ತರಕ್ಕೆ ಉತ್ತರ. ಮಾಸ್ತರ ಅದಕ್ಕೂ ಉತ್ತರ ಬರೆದ. ಈ ಸಲ ಅರವತ್ತು ಪುಟ.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖದ ಕೆಂಪು ಇನ್ನೂ ಇಳಿದಿರಲಿಲ್ಲ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ಹಾಗಾದರೆ ಇಂಥವರು ಏನು ಬರೆದರೂ ನಾವು ಸುಮ್ಮನಿರಬೇಕೇ?” ಎಂದ ರಾಚಯ್ಯ. ಅವನ ಸಿಟ್ಟೂ ಇಳಿದಿರಲಿಲ್ಲ.

ಗುರುಗಳು ಹದಿನಾರು ಹಾಳೆಗಳನ್ನು ಅವನ ಕೈಗೆ ವಾಪಸು ಕೊಟ್ಟರು.

“ಮೂರು ದಿನವೂ ನಿನ್ನ ಕೋಣೆಯ ಬಾಗಿಲಿಗೆ ಊಟ ತಂದಿಟ್ಟಳಲ್ಲ ಸಾತವ್ವ, ಅವಳು ಉಂಡಳೇ ಎಂದು ಒಂದು ಸಲವಾದರೂ ಕೇಳಿದೆಯಾ?”