ಬರಿದಾದ ಎರಡು ಸಾಲು

"ಗುರುಗಳೇ, ನಾನು ಹೇಳುವುದರಲ್ಲಿ ತಪ್ಪಿಲ್ಲ. ಕೇಳಿದವರು ತಲೆದೂಗುತ್ತಾರೆ. ಮನೆಗೆ ಹೋಗಿ ಮೊದಲಿನಂತೆಯೇ ಇರುತ್ತಾರೆ. ನನ್ನ ಮಾತಿನಲ್ಲಿ ಏನು ಕಡಿಮೆ?"

ಕೇಳಿದವನು ರಾಚಯ್ಯ. ಮಠದಲ್ಲಿ ಹನ್ನೊಂದು ವರ್ಷ ಓದಿ, ಈಚೆಗೆ ಊರೂರಿಗೆ ಪ್ರವಚನಕ್ಕೆ ಹೋಗತೊಡಗಿದ್ದ ಶಿಷ್ಯ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಭೌರಮ್ಮ ಎಂಬ ರೈತ ಹೆಣ್ಣುಮಗಳಿದ್ದಳು. ಮೂರು ಎಕರೆ ತೊಗರಿ ಹೊಲ. ಗಂಡ ಟ್ರ್ಯಾಕ್ಟರ್ ಓಡಿಸಲು ಹೋಗುತ್ತಿದ್ದ. ಹೊಲ ಅವಳ ಪಾಲಿನದು. ಒಂದು ವರ್ಷ ತೊಗರಿ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಹುಳ ಬಿತ್ತು. ಹಿಂದಿನ ವರ್ಷ ಇದೇ ಹುಳಕ್ಕೆ ಔಷಧ ಹೊಡೆದು ಅವಳು ಮೂರು ದಿನ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಈ ಸಲ ಆ ಡಬ್ಬಿ ಮುಟ್ಟುವುದಿಲ್ಲ ಎಂದಳು. ತವರಿನಲ್ಲಿ ಹಿರಿಯರು ಗಿಡ ಅಲುಗಿಸಿ ಹುಳ ಬೀಳಿಸುತ್ತಿದ್ದುದು ನೆನಪಿತ್ತು. ಹಳೆಯ ಸೀರೆಯೊಂದನ್ನು ಗಿಡದ ಬುಡಕ್ಕೆ ಹಾಸಿದಳು. ಗಿಡ ಹಿಡಿದು ಜಾಡಿಸಿದಳು. ಹುಳ ಬಿದ್ದವು. ಎರಡು ಸಾಲು ಮುಗಿಸಿ ನೋಡಿದರೆ ಸೀರೆಯ ತುಂಬ ಹಳದಿ ಹೂವು. ಭೌರಮ್ಮ ಬದುವಿನ ಮೇಲೆ ಕೂತು ಅತ್ತಳು.

ಮರುದಿನ ಮತ್ತೆ ಹೋದಳು. ಕೈ ಹಗುರ ಮಾಡಿದಳು. ಹುಳ ಬಿದ್ದವು, ಹೂವು ನಿಂತವು. ಬಿದ್ದ ಹುಳವನ್ನು ಕೋಳಿಗೆ ಹಾಕಿದಳು. ಹೀಗೆ ತಿಂಗಳೊಪ್ಪತ್ತು ಬಿಡದೆ ಮಾಡಿದಳು. ಹೊಲ ಉಳಿಯಿತು. ಮೊದಲ ಎರಡು ಸಾಲು ಮಾತ್ರ ಬರಿದಾಗಿ ನಿಂತವು.

ಪಕ್ಕದ ಊರಿನಲ್ಲಿ ಜಗದೇವಿ ಎಂಬುವಳಿದ್ದಳು. ಅವಳೂ ಒಕ್ಕಲುತನದವಳೇ. ಆದರೆ ಮಹಿಳಾ ಸಂಘದವರು ಅವಳಿಗೊಂದು ಕ್ಯಾಮೆರಾ ಕೊಟ್ಟಿದ್ದರು. ಒಂದು ಊರಿನ ಹೆಣ್ಣುಮಕ್ಕಳು ಹೊಲದಲ್ಲಿ ಮಾಡಿದ್ದನ್ನು ವಿಡಿಯೊ ಮಾಡಿ ಇನ್ನೊಂದು ಊರಿನ ಹೆಣ್ಣುಮಕ್ಕಳಿಗೆ ತೋರಿಸುತ್ತಿದ್ದಳು. ಅವಳು ಸುದ್ದಿ ಕೇಳಿ ಬಂದಳು. ಕ್ಯಾಮೆರಾ ಕಂಡು ಭೌರಮ್ಮ ಮೊದಲು ಬಿಗಿದುಕೊಂಡಳು. ಗಿಡಕ್ಕೆ ಕೈ ಹಾಕಿದ ಮೇಲೆ ಮಾತು ಸಲೀಸಾಯಿತು. ಮಾತಿನ ಭರದಲ್ಲಿ ಆ ಬರಿ ಸಾಲುಗಳ ತನಕವೂ ನಡೆದುಹೋಗಿ, "ಇವು ನೋಡವ್ವಾ, ನನ್ನ ಕೈಯಾರೆ ಕೆಡಿಸಿದವು" ಎಂದು ನಕ್ಕುಬಿಟ್ಟಳು.

ಮನೆಯಲ್ಲಿ ಅತ್ತೆ ಕೇಳಿ ಹಣೆ ಚಚ್ಚಿಕೊಂಡಳು. "ಹುಚ್ಚಿ, ಬೆಳೆದದ್ದು ತೋರಿಸಬೇಕು. ಕೆಡಿಸಿದ್ದು ನಾಕೂರಿಗೆ ತೋರಿಸ್ತಾರೇನು?"

ಭೌರಮ್ಮನಿಗೆ ಊಟ ಸೇರಲಿಲ್ಲ. ಬೆಳಗಾದ ಕೂಡಲೇ ಜಗದೇವಿಯ ಮನೆಗೆ ನಡೆದುಹೋದಳು. "ಅಕ್ಕಾ, ಅದೊಂದು ತೆಗೆದುಹಾಕು. ನನಗ ನಾಚಿಕಿ ಆಗ್ತದ."

"ತೆಗೀತೀನಿ" ಎಂದಳು ಜಗದೇವಿ. "ಹೊಲ ನಿಂದು, ಮುಖ ನಿಂದು, ಮಾತೂ ನಿಂದೇ. ಆದ್ರ ಒಂದೇ ಒಂದು ಊರಾಗ ತೋರಿಸಾಕ ನನ್ನ ಜೋಡಿ ಬಾ. ಆಮ್ಯಾಲೂ ಬ್ಯಾಡ ಅಂದ್ರ ನಿನ್ನ ಮುಂದೇ ಅಳಿಸ್ತೀನಿ."

ಭೌರಮ್ಮ ಸೆರಗಿನ ತುದಿ ತಿರುವುತ್ತ ಕಡೆಗೆ ಹೂಂ ಎಂದಳು.

ಇಬ್ಬರೂ ಕೂಡಿ ಹೋದ ಊರಿನ ಶಾಲೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಗೋಡೆಯ ಮೇಲೆ ವಿಡಿಯೊ ಬಿಟ್ಟರು. ಮೂವತ್ತು ಹೆಂಗಸರು ಕೂತಿದ್ದರು. ಭೌರಮ್ಮ ಹಿಂದೆ ಬಾಗಿಲ ಹತ್ತಿರ ಕೂತಳು. ಸೀರೆ ಹಾಸುವುದು, ಗಿಡ ಅಲುಗಿಸುವುದು, ಹುಳ ಆಯುವುದು ಎಲ್ಲ ಬಂತು. ಹೆಂಗಸರು ಎಲೆ ಅಡಿಕೆ ಮೆಲ್ಲುತ್ತ ನೋಡಿದರು. ಬರಿ ಸಾಲು ಬಂದಾಗ ಕೋಣೆಯೆಲ್ಲ ನಗು. ಭೌರಮ್ಮ ಎದ್ದು ಬಾಗಿಲಿಗೆ ಕೈ ಹಾಕಿದಳು.

"ಯಕ್ಕಾ, ನಿಲ್ಲಿಸು. ಅದನ್ನ ಇನ್ನೊಮ್ಮಿ ತೋರಿಸು."

ಕೂಗಿದವಳು ಕಸ್ತೂರಿ, ಆ ಊರಿಗೆ ಬಂದು ಎರಡು ವರ್ಷವಾದ ಸೊಸೆ. ಎದ್ದು ನಿಂತು ಹೇಳಿದಳು: "ಹೋದ ವರ್ಷ ನಾನೂ ಹಿಂಗ ಮಾಡಿ ಹೂವು ಉದುರಿಸಿದ್ದೆ. ಮನ್ಯಾಗ ಬೈಸಿಕೊಂಡೆ, ಮತ್ತ ಗಿಡಕ್ಕ ಕೈ ಹಚ್ಚಲಿಲ್ಲ. ನನಗೊಬ್ಬಾಕಿಗೇ ಹಿಂಗ ಆಗೇದ ಅಂದುಕೊಂಡಿದ್ದೆ."

ನಗು ನಿಂತಿತು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು, "ನಾ ಕೆಡಿಸಿದ್ದು ಐದು ಸಾಲು, ಯಾರಿಗೂ ಹೇಳಿಲ್ಲ" ಎಂದಳು. ಇನ್ನೊಬ್ಬಳು, "ಹಂಗಾದ್ರ ಎಷ್ಟು ಜೋರು ಅಲುಗಿಸಬೇಕು?" ಎಂದು ಕೇಳಿದಳು. ಜಗದೇವಿ ಬಾಗಿಲ ಕಡೆ ನೋಡಿದಳು.

ಭೌರಮ್ಮ ತಿರುಗಿ ಬಂದಳು. ಕಸ್ತೂರಿಯ ಹೆಗಲು ಹಿಡಿದು ಮೆಲ್ಲಗೆ ಅಲುಗಿಸಿದಳು. "ಮಲಗಿದ ಕೂಸನ್ನ ಎಬ್ಬಿಸ್ತೀಯಲ್ಲ ತಂಗಿ, ಅಷ್ಟೇ. ಏಳಬೇಕು, ಅಳಬಾರದು."

ಕಸ್ತೂರಿಯ ಕಣ್ಣು ತುಂಬಿದವು, ಬಾಯಿ ನಕ್ಕಿತು. ಮೂವತ್ತು ಹೆಂಗಸರೂ ಒಬ್ಬರ ಹೆಗಲು ಒಬ್ಬರು ಹಿಡಿದು ಅಲುಗಿಸಿ ನೋಡಿದರು. ಅಷ್ಟು ಜೋರಲ್ಲ, ಇಷ್ಟು ಮೆತ್ತಗಲ್ಲ ಎಂದು ಒಬ್ಬರಿಗೊಬ್ಬರು ತಿದ್ದಿದರು. ಆ ವಿಡಿಯೊವನ್ನು ಮೂರು ಸಲ ಹಾಕಿಸಿಕೊಂಡರು.

ಬಸ್ಸಿನಲ್ಲಿ ಹಿಂತಿರುಗುವಾಗ ಜಗದೇವಿ ಕೇಳಿದಳು, "ಅಳಿಸಲೇನು?"

"ಅದಿರಲಿ" ಎಂದಳು ಭೌರಮ್ಮ. "ಮುಂದಿನ ಊರು ಯಾವುದು?"

ಮರುವರ್ಷ ಹುಳ ಬಿದ್ದಾಗ ಕಸ್ತೂರಿ ಮತ್ತೆ ಗಿಡಕ್ಕೆ ಕೈ ಹಚ್ಚಿದಳು. ಅವಳ ಹಿಂದೆ ಊರಿನ ಉಳಿದ ಹೆಂಗಸರೂ ಹಳೆಯ ಸೀರೆ ಹೊತ್ತು ಹೊಲಕ್ಕೆ ಹೋದರು.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಮುಂದಿನ ಪ್ರವಚನಕ್ಕೆ ನಾನೂ ನನ್ನದೊಂದು ತಪ್ಪು ಹುಡುಕಿ ಇಟ್ಟುಕೊಳ್ಳುತ್ತೇನೆ."

ಗುರುಗಳು ನಕ್ಕು ಅವನ ಬೆನ್ನ ಮೇಲೆ ಕೈಯಾಡಿಸಿದರು.

"ಹುಡುಕಬೇಕಾಗಿದೆ ಎಂದರೆ, ಮಗು, ನೀನಿನ್ನೂ ಹೊಲಕ್ಕೆ ಇಳಿದೇ ಇಲ್ಲ."