ತುಳುಕಿದ ಕೊಡ

ನೀರು ಹೊತ್ತು ಹೊತ್ತು ಬಸಲವ್ವನ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ಸವೆದಿವೆ ಎಂದು ಡಾಕ್ಟರು ಹೇಳಿದ್ದರು. ಅವಳ ತಲೆಯ ಮೇಲಿನ ಕೊಡ ತನ್ನ ಕೆಳಗಿದ್ದ ಬಟ್ಟೆಯ ಸಿಂಬೆಯನ್ನು ಕೇಳಿತು: “ಅಕ್ಕಾ, ಆ ಮೆತ್ತೆ ಮತ್ತೆ ಬೆಳೆಯುತ್ತದೆಯೇ?”

“ಇಲ್ಲ ತಮ್ಮಾ. ನನ್ನನ್ನೇ ನೋಡು, ನಿನ್ನನ್ನು ಹೊತ್ತು ಚಪ್ಪಟೆಯಾಗಿದ್ದೇನೆ.”

“ಹಾಗಾದರೆ ಅವಳು ಹಾಸಿಗೆ ಹಿಡಿಯಬೇಕೇ?”

“ಬೇಡ, ಮಲಗಿಯೇ ಇದ್ದರೆ ಮೈ ಇನ್ನೂ ಬಿಗಿಯುತ್ತದೆ. ಅವಳು ನಡೆಯಲಿ. ನೀನು ಅರ್ಧ ಮಾತ್ರ ತುಂಬು.”

“ಅರ್ಧವೇ! ತುಂಬಿದ ಕೊಡ ತುಳುಕುವುದಿಲ್ಲ ಎಂದು ಊರೆಲ್ಲ ನನ್ನನ್ನು ಹೊಗಳುತ್ತದಲ್ಲ!”

ಕೆಳಗೆ ಬಸಲವ್ವ ಸೊಂಟ ಹಿಡಿದುಕೊಂಡು ಮೆಲ್ಲಗೆ ನರಳಿದಳು.

ಮರುದಿನ ಅವಳು ಎತ್ತಿಕೊಳ್ಳುವಾಗ ಕೊಡ ತಾನಾಗಿ ವಾಲಿ ಅರ್ಧ ನೀರು ಚೆಲ್ಲಿತು. ದಾರಿಯುದ್ದಕ್ಕೂ ತುಳುಕಿತು. ಜನ ನಕ್ಕರು. ಬಸಲವ್ವ ಸೊಂಟ ಹಿಡಿದುಕೊಳ್ಳದೆ ಮನೆ ಮುಟ್ಟಿದಳು.